35 ಮೈಕ್ರಾನ್ ತಾಮ್ರ

ಗೇಮ್ ಕಂಟ್ರೋಲರ್ ಒಂದರ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಕವಚವನ್ನು ಬೇರ್ಪಡಿಸಿದರೆ ಒಳಗೆ ಸಿಗುವ ಸಾಮಾನು ಬಹಳವಿಲ್ಲ. ಹಸಿರು ಅಥವಾ ಕಂದು ಬಣ್ಣದ ಒಂದು ಸರ್ಕ್ಯೂಟ್ ಬೋರ್ಡ್. ಅದರ ಮೇಲೆ ಪುಟ್ಟ ಗುಮ್ಮಟಗಳು ಎದ್ದಿರುವ ರಬ್ಬರ್ ಹಾಳೆ. ಪ್ರತಿ ಗುಮ್ಮಟದ ಒಳಮೈಗೆ ಅಂಟಿದ ಒಂದು ಕರಿಯ ಬಿಲ್ಲೆ. ಬಟನ್ ಒತ್ತಿದಾಗ ಗುಮ್ಮಟ ಕುಸಿಯುತ್ತದೆ. ಇಂಗಾಲ ಬೆರೆಸಿದ ಆ ಬಿಲ್ಲೆ ಬೋರ್ಡಿನ ಮೇಲೆ ಎದುರುಬದುರು ಹೆಣೆದುಕೊಂಡಿರುವ ಎರಡು ಕಪ್ಪು ಪಟ್ಟಿಗಳ ಮೇಲೆ ಕೂತು ಅವೆರಡನ್ನೂ ಜೋಡಿಸುತ್ತದೆ. ಬೆರಳು ತೆಗೆದರೆ ಗುಮ್ಮಟ ಎದ್ದು ನಿಲ್ಲುತ್ತದೆ, ಜೋಡಣೆ ತಪ್ಪುತ್ತದೆ. ಇಷ್ಟು ಕೆಲಸವನ್ನು ರಬ್ಬರ್ ಬಿಲ್ಲೆಯೇ ಮಾಡಬೇಕೆಂಬ ಕಟ್ಟಳೆಯೇನೂ ಇಲ್ಲ. ಆ ಎರಡು ಪಟ್ಟಿಗಳಿಂದ ಎರಡು ತಂತಿ ಹೊರಗೆಳೆದು, ತುದಿಗೆ ನಮಗೆ ಬೇಕಾದ ಸ್ವಿಚ್ ಕಟ್ಟಿದರೂ ಆಟದ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಮನೆಯಲ್ಲೇ ಆರ್ಕೇಡ್ ಜಾಯ್‌ಸ್ಟಿಕ್ ಕಟ್ಟಿಕೊಳ್ಳುವವರು 'ಪ್ಯಾಡ್ ಹ್ಯಾಕಿಂಗ್' ಎಂದು ಕರೆಯುವ ವಿದ್ಯೆ ನಿಂತಿರುವುದು ಈ ಒಂದೇ ಸಂಗತಿಯ ಮೇಲೆ.

ಹೇಳಲು ಸುಲಭ. ಮಾಡಲು ಕೂತರೆ ಎಲ್ಲ ತೊಡಕೂ ಬಂದು ಸೇರುವುದು ಬೋರ್ಡಿಗೆ ಅಂಟಿಸಿರುವ ತಾಮ್ರದ ತೆಳು ಹಾಳೆಯಲ್ಲಿ. ಅದರ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. ಒಂದು ಮಿಲಿಮೀಟರ್ ಆಗಬೇಕಾದರೆ ಅಂಥ ಹಾಳೆಗಳು 28ಕ್ಕೂ ಹೆಚ್ಚು ಬೇಕು.

ಇಷ್ಟು ಪಾಡು ಪಡುವವರು ಯಾರು, ಯಾಕೆ? ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2 ಆರ್ಕೇಡುಗಳಿಗೆ ಬಂದದ್ದು 1991ರಲ್ಲಿ. ಎಂಟು ದಿಕ್ಕಿಗೆ ಆಡುವ ಒಂದು ಕೋಲು, ಆರು ಬಟನ್. ಮೂರು ಗುದ್ದಿಗೆ, ಮೂರು ಒದೆತಕ್ಕೆ. ಆಟದ ರ್ಯೂ ಎಂಬ ಕಟ್ಟಾಳು ಅಂಗೈಯಿಂದ ಬೆಳಕಿನುಂಡೆ ಎಸೆಯಬೇಕಾದರೆ ಕೋಲನ್ನು ಕೆಳಕ್ಕೆ, ಅಲ್ಲಿಂದ ಮೂಲೆಗೆ, ಮೂಲೆಯಿಂದ ಮುಂದಕ್ಕೆ ಒಂದೇ ಎಳೆತದಲ್ಲಿ ತಂದು ಗುದ್ದಿನ ಬಟನ್ ಒತ್ತಬೇಕು. ಇಡೀ ಮುಂಗೈ ಬಳಸಿ ಮಾಡುವ ಚಲನೆ ಅದು. ಹೀಗೆ ಹತ್ತಾರು ವರ್ಷ ಪಳಗಿದ ಕೈಗೆ ಹೆಬ್ಬೆರಳಿನಿಂದ ಒತ್ತುವ ಪುಟ್ಟ ಶಿಲುಬೆಯಾಕಾರದ ಬಟನ್ ಕೊಟ್ಟರೆ ಹೇಗಾದೀತು? ಅಮೆರಿಕದ ಇವೊ ಎಂಬ ಫೈಟಿಂಗ್ ಗೇಮ್ ಪಂದ್ಯಾವಳಿ 2004ರಲ್ಲಿ ಆರ್ಕೇಡ್ ಯಂತ್ರಗಳನ್ನು ಬಿಟ್ಟು ಮನೆಬಳಕೆಯ ಕನ್ಸೋಲುಗಳಿಗೆ ಬದಲಾದಾಗ ಆಟಗಾರರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ವರ್ಷ ಅದೇ ಪಂದ್ಯಾವಳಿಯಲ್ಲಿ ಜಪಾನಿನ ದೈಗೊ ಉಮೆಹಾರ, ಸೋಲಿನ ಅಂಚಿನಲ್ಲಿದ್ದಾಗ, ಎದುರಾಳಿ ಜಸ್ಟಿನ್ ವಾಂಗ್ ಬಿಟ್ಟ ಸರಣಿ ಒದೆತಗಳನ್ನು ಒಂದೂ ಬಿಡದೆ ತಡೆದು ಗೆದ್ದ. ಪ್ರತಿ ಒದೆತಕ್ಕೂ ಸರಿಯಾದ ಕ್ಷಣಕ್ಕೆ ಕೋಲನ್ನು ಮುಂದಕ್ಕೆ ತಟ್ಟಬೇಕು. ಈ ಆಟಗಳು ಸೆಕೆಂಡಿಗೆ 60 ಚಿತ್ರಗಳ ಲೆಕ್ಕದಲ್ಲಿ ಓಡುತ್ತವೆ. ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ಇಂಥ ಲೆಕ್ಕದಲ್ಲಿ ಬದುಕುವವರಿಗೆ ಕೈಗೆ ಒಗ್ಗಿದ ಕೋಲು ಶೋಕಿಯ ವಸ್ತುವಲ್ಲ.

ಅಂಗಡಿಯಲ್ಲಿ ಒಳ್ಳೆಯ ಕೋಲು ಸಿಗುವುದು ಆಗ ಕಷ್ಟವಿತ್ತು. ಜಪಾನಿನ ಸಾನ್ವಾ ಡೆನ್ಶಿ ಮತ್ತು ಸೈಮಿತ್ಸು ಕಂಪನಿಗಳು ಆರ್ಕೇಡಿಗಾಗಿಯೇ ತಯಾರಿಸುವ ಕೋಲು, ಬಟನ್‌ಗಳನ್ನು ಬಿಡಿಬಿಡಿಯಾಗಿ ತರಿಸಿಕೊಳ್ಳಬಹುದಿತ್ತು. ಮರದ ಪೆಟ್ಟಿಗೆ ಮನೆಯಲ್ಲಿ ಆಗುತ್ತದೆ. ಬಾಕಿ ಉಳಿದದ್ದು ಕನ್ಸೋಲಿನ ಜೊತೆ ಮಾತಾಡಬಲ್ಲ ಎಲೆಕ್ಟ್ರಾನಿಕ್ಸ್. ಅದನ್ನೂ ಸ್ವಂತ ಮಾಡಿಕೊಳ್ಳಬಹುದಲ್ಲ ಎಂದರೆ ಕಂಪನಿಗಳು ಬಾಗಿಲಿಗೆ ಬೀಗ ಜಡಿದಿದ್ದವು. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ತನಗೆ ಜೋಡಿಸಿದ ಕಂಟ್ರೋಲರಿಗೆ ಒಂದು ಗುಪ್ತ ಪ್ರಶ್ನೆ ಕೇಳುತ್ತದೆ; ಒಳಗಿನ ಭದ್ರತಾ ಚಿಪ್ ಸರಿಯುತ್ತರ ಕೊಡದಿದ್ದರೆ ಆ ಕಂಟ್ರೋಲರ್ ಇದ್ದೂ ಇಲ್ಲದಂತೆ. ಆದ್ದರಿಂದ ಅಸಲಿ ಕಂಟ್ರೋಲರ್ ಒಂದನ್ನು ಕೊಂಡು, ಅದರ ಕವಚ, ರಬ್ಬರ್, ಮೋಟಾರುಗಳನ್ನೆಲ್ಲ ಕಿತ್ತು, ಬೋರ್ಡನ್ನಷ್ಟೇ ಪೆಟ್ಟಿಗೆಯೊಳಗೆ ಕೂರಿಸುವುದು ಆಗ ಒಂದೇ ದಾರಿಯಾಗಿತ್ತು. ನನಗಂತೂ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ನಕಲಿ ತಡೆಯಲೆಂದು ಹಾಕಿದ ಬೀಗ, ಅಸಲಿಯನ್ನು ಕೊಂಡು ಬಗೆದುಹಾಕುವ ಹವ್ಯಾಸಿಗಳ ಒಂದು ದಂಡನ್ನೇ ತಯಾರು ಮಾಡಿತು.

ಬೋರ್ಡನ್ನು ಆರಿಸುವಾಗ ಇವರು ಮೊದಲು ಹುಡುಕುವುದು 'ಕಾಮನ್ ಗ್ರೌಂಡ್'. ಇದನ್ನು ಅರಿಯಲು 1983ರಲ್ಲಿ ನಿಂಟೆಂಡೊ ತಂದ ಫ್ಯಾಮಿಕಾಮ್, ಅದರ ಅಮೆರಿಕನ್ ರೂಪವಾದ ಎನ್‌ಇಎಸ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಎನ್‌ಇಎಸ್ ಕಂಟ್ರೋಲರಿನಲ್ಲಿ ಒಂದೇ ಒಂದು ಚಿಪ್ ಇದೆ, 4021 ಎಂಬ ಶಿಫ್ಟ್ ರಿಜಿಸ್ಟರ್. ಅದರ ಎಂಟು ಕಾಲುಗಳಿಗೆ ಎಂಟು ಬಟನ್. ಪ್ರತಿ ಕಾಲನ್ನೂ ಒಂದು ರೆಸಿಸ್ಟರ್ ಮೂಲಕ 5 ವೋಲ್ಟಿಗೆ ಕಟ್ಟಿರುತ್ತಾರೆ. ಯಾರೂ ಮುಟ್ಟದಿದ್ದಾಗ ಕಾಲು ಮೇಲಿನ ವೋಲ್ಟೇಜಿನಲ್ಲೇ ಇರುತ್ತದೆ. ಬಟನ್ ಒತ್ತಿದರೆ ಅದು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ ಇಳಿಯುತ್ತದೆ. ಕನ್ಸೋಲು 'ಈಗಿನ ಸ್ಥಿತಿ ಹಿಡಿದಿಟ್ಟುಕೊ' ಎಂದು ಒಂದು ತಂತಿಯಲ್ಲಿ ಸನ್ನೆ ಮಾಡಿ, ಆಮೇಲೆ ಇನ್ನೊಂದರಲ್ಲಿ ತಟ್ಟಿತಟ್ಟಿ ಎಂಟೂ ಉತ್ತರಗಳನ್ನು ಒಂದರ ಹಿಂದೊಂದು ಕೇಳಿಕೊಳ್ಳುತ್ತದೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಇಲ್ಲಿ ಎಂಟೂ ಬಟನ್‌ಗಳ ಒಂದು ಬದಿ ಒಂದೇ ಗ್ರೌಂಡ್. ಹಾಗಾಗಿ ಹೊರಗೆ ತರಬೇಕಾದದ್ದು ಎಂಟು ಸಿಗ್ನಲ್ ತಂತಿ, ಒಂದು ಗ್ರೌಂಡ್. ಒಟ್ಟು ಒಂಬತ್ತು ಬೆಸುಗೆ.

ಎಲ್ಲ ಬೋರ್ಡುಗಳೂ ಇಷ್ಟು ಸಂಭಾವಿತವಲ್ಲ. ಚಿಪ್‌ನ ಕಾಲು ಉಳಿಸಲು ಕೆಲವರು ಬಟನ್‌ಗಳನ್ನು ಅಡ್ಡಸಾಲು ಉದ್ದಸಾಲುಗಳಲ್ಲಿ ಜೋಡಿಸಿ, ಸಾಲುಗಳನ್ನು ಸರದಿಯಂತೆ ಎಬ್ಬಿಸಿ ಓದುತ್ತಾರೆ. ಇಲ್ಲಿ ಸಾಮಾನ್ಯ ಗ್ರೌಂಡ್ ಎಂಬುದೇ ಇಲ್ಲ; ಪ್ರತಿ ಬಟನ್‌ಗೂ ಅದರದೇ ಜೋಡಿ ತಂತಿ ಬೇಕು. ಆದರೆ ಸಾನ್ವಾದ ಜೆಎಲ್‌ಎಫ್ ಕೋಲಿನಿಂದ ಹೊರಬರುವುದು ಐದೇ ತಂತಿ: ನಾಲ್ಕು ದಿಕ್ಕು, ಒಂದು ಗ್ರೌಂಡ್. ಇವೆರಡು ಒಂದಕ್ಕೊಂದು ಕೂಡಿಬರುವುದಿಲ್ಲ. 2000ದಲ್ಲಿ ಬಂದ ಪ್ಲೇಸ್ಟೇಷನ್ ಕಂಟ್ರೋಲರ್ ಡ್ಯುಯಲ್‌ಶಾಕ್ 2ರದು ಇನ್ನೊಂದು ತಕರಾರು. ಅದರ ಬಟನ್‌ಗಳು ಎಷ್ಟು ಬಲವಾಗಿ ಒತ್ತಿದಿರಿ ಎಂಬುದನ್ನೂ ಅಳೆಯುತ್ತವೆ. ಬರೀ ಆನ್-ಆಫ್ ಸ್ವಿಚ್ಚನ್ನು ಅಲ್ಲಿ ತಂದು ಕಟ್ಟುವುದು ಸಲೀಸಲ್ಲ. ತೋರುಬೆರಳಿನ ಟ್ರಿಗರ್‌ಗಳ ಕತೆಯೂ ಹೀಗೇ. ಅವು ಎಷ್ಟೋ ಕಂಟ್ರೋಲರುಗಳಲ್ಲಿ ರೇಡಿಯೋದ ವಾಲ್ಯೂಮ್ ಕಂಟ್ರೋಲಿನ ಜಾತಿಯ ಪೊಟೆನ್ಶಿಯೋಮೀಟರುಗಳು. ಕಿತ್ತು ಬಿಸಾಕಿದರೆ ಆ ಕಾಲು ಎಲ್ಲಿಯೂ ನೆಲೆಯಿಲ್ಲದೆ ತೇಲುತ್ತದೆ, ಆಟದಲ್ಲಿ ಯಾರೋ ಟ್ರಿಗರ್ ಹಿಡಿದೇ ಇದ್ದಂತೆ ತೋರುತ್ತದೆ. ಅದರ ಜಾಗಕ್ಕೆ ರೆಸಿಸ್ಟರ್ ಹಾಕಿ, 'ಒತ್ತಿಲ್ಲ' ಎನ್ನುವ ವೋಲ್ಟೇಜಿಗೆ ಕಾಲನ್ನು ಕಟ್ಟಿಹಾಕಬೇಕು.

ರಬ್ಬರ್ ಬಿಲ್ಲೆಗೂ ಲೋಹದ ಸ್ವಿಚ್ಚಿಗೂ ವಿದ್ಯುತ್ತಿನ ದೃಷ್ಟಿಯಿಂದ ಇರುವ ಅಂತರ ಕಡಿಮೆಯೇನಲ್ಲ. ಬಿಲ್ಲೆಯ ರೋಧ ನೂರಾರು ಓಮ್ ಇರಬಹುದು, ಸ್ವಿಚ್ಚಿನದು ಒಂದು ಓಮಿಗೂ ಎಷ್ಟೋ ಕಡಿಮೆ. ಆದರೂ ಚಿಪ್‌ಗೆ ಎರಡೂ ಒಂದೇ. ಯಾಕೆಂದು ಲೆಕ್ಕ ಹಾಕಬಹುದು. ಕಾಲನ್ನು 3.3 ವೋಲ್ಟಿಗೆ ಕಟ್ಟಿದ ರೆಸಿಸ್ಟರ್ 10,000 ಓಮ್ ಎಂದಿಟ್ಟುಕೊಳ್ಳಿ. ಬಿಲ್ಲೆ 200 ಓಮ್ ಆದರೆ ಒತ್ತಿದಾಗ ಕಾಲಿನಲ್ಲಿ ಉಳಿಯುವುದು 0.065 ವೋಲ್ಟ್. ಲೋಹದ ಸ್ವಿಚ್ಚಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಇಂಥ ಚಿಪ್‌ಗಳು ಸುಮಾರು 0.8 ವೋಲ್ಟಿಗಿಂತ ಕೆಳಗಿರುವ ಎಲ್ಲವನ್ನೂ ಸೊನ್ನೆ ಎಂದೇ ಓದುತ್ತವೆ. ಹರಿಯುವ ಕರೆಂಟ್ ಕೂಡ ಮೂರನೇ ಒಂದು ಮಿಲಿ ಆಂಪಿಯರಿನಷ್ಟೇ, ಆದ್ದರಿಂದ ತಂತಿ ಎಷ್ಟು ಸಣ್ಣದಾದರೂ ನಡೆಯುತ್ತದೆ. ಅಂದಹಾಗೆ, ಹೊಸ ಸ್ವಿಚ್ ಹಳೆಯ ಬಟನ್‌ಗೆ ಪಕ್ಕದ ದಾರಿಯಾಗಿ ಸೇರಿಕೊಳ್ಳುವುದರಿಂದ, ಪಟ್ಟಿಗಳಿಗೆ ಏಟು ಬೀಳದಿದ್ದರೆ ಹಳೆಯ ಬಟನ್ ಕೂಡ ಕೆಲಸ ಮಾಡುತ್ತಲೇ ಇರುತ್ತದೆ.

ಇನ್ನು ಬೆಸುಗೆ. ಇದನ್ನು ಅಂಟು ಹಾಕುವ ಕೆಲಸ ಎಂದುಕೊಂಡವರು ಮೊದಲ ಹತ್ತು ನಿಮಿಷದಲ್ಲೇ ಬೋರ್ಡ್ ಕೆಡಿಸುತ್ತಾರೆ. ಕರಗಿದ ಸೋಲ್ಡರಿನಲ್ಲಿರುವ ತವರ, ಕೆಳಗಿರುವ ತಾಮ್ರದೊಂದಿಗೆ ಬೆರೆತು ಹೊಸತೊಂದು ವಸ್ತುವಾಗುತ್ತದೆ: ಆರು ತಾಮ್ರದ ಪರಮಾಣುಗಳಿಗೆ ಐದು ತವರದ ಪರಮಾಣುಗಳಿರುವ ಸಂಯುಕ್ತ. ಒಳ್ಳೆಯ ಬೆಸುಗೆಯಲ್ಲಿ ಈ ಪದರ ಒಂದೆರಡು ಮೈಕ್ರಾನ್ ದಪ್ಪ. ಅದು ಹುಟ್ಟಲಿಲ್ಲವೋ, ಮೇಲೆ ಕೂತ ಸೋಲ್ಡರ್ ಬರೀ ಗೋಲಿ. ಉಗುರಿನಿಂದ ತಳ್ಳಿದರೆ ಉದುರುತ್ತದೆ. ತುಂಬ ಹೊತ್ತು ಕಾಯಿಸಿದಿರೋ, ಅದೇ ಪದರ ದಪ್ಪವಾಗುತ್ತದೆ. ಆ ಸಂಯುಕ್ತ ಗಡುಸು, ಆದರೆ ಬಿರುಕು ಬಿಡುವ ಸ್ವಭಾವದ್ದು. ಜೊತೆಗೆ ತಾಮ್ರವೂ ಸೋಲ್ಡರಿನೊಳಕ್ಕೆ ಕರಗುತ್ತ ಹೋಗುತ್ತದೆ. ಸೋಲ್ಡರಿಂಗ್ ಐರನ್ನಿನ ತಾಮ್ರದ ತುದಿಗೆ ಕಬ್ಬಿಣದ ಲೇಪ ಕೊಡುವುದು ಈ ಕಾರಣಕ್ಕೇ. ಇಲ್ಲದಿದ್ದರೆ ತವರ ಅದನ್ನು ದಿನದಿನಕ್ಕೂ ತಿಂದುಹಾಕುತ್ತದೆ.

ತವರಕ್ಕೂ ತಾಮ್ರಕ್ಕೂ ಇಷ್ಟು ಒಲವಿದ್ದ ಮೇಲೆ ಬೆಸುಗೆ ಯಾಕೆ ಹಿಡಿಯುವುದಿಲ್ಲ? ನಡುವೆ ಕಿಲುಬು ಕೂತಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರವೇ ಸಾಕು. ಕರಗಿದ ಲೋಹ ಅದರ ಮೇಲೆ ಹರಡದೆ ದುಂಡಗೆ ಮುದುಡುತ್ತದೆ. ನಮ್ಮ ಊರುಗಳಲ್ಲಿ ಬೀದಿಬೀದಿ ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರನ್ನು ನೋಡಿದವರಿಗೆ ಈ ತೊಂದರೆಯೂ ಅದರ ಪರಿಹಾರವೂ ಗೊತ್ತು. ತಿದಿಯೊತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿದ ಕೂಡಲೇ ಬಿಳಿ ಹೊಗೆ ಏಳುತ್ತಿತ್ತು. ಬಿಸಿಗೆ ನವಸಾಗರ ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗುತ್ತದೆ. ಆಮ್ಲ ಕಿಲುಬನ್ನು ಕಿತ್ತೊಗೆಯುತ್ತದೆ. ಆ ಗಳಿಗೆಯಲ್ಲಿ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಬೆಳ್ಳಿಯ ಹೊಳಪು ಸರ್ರನೆ ಪಾತ್ರೆಯ ತುಂಬ ಹರಡುತ್ತಿತ್ತು. ಬೋರ್ಡಿನ ಮೇಲೆ ನಡೆಯುವುದೂ ಇದೇ, ನವಸಾಗರದ ಬದಲು ಪೈನ್ ಮರದ ರಾಳ. ರಾಳದಲ್ಲಿರುವ ಆಮ್ಲ ಸೌಮ್ಯ. ಕಾದಾಗ ಮಾತ್ರ ಕಿಲುಬಿನ ಮೇಲೆ ಬೀಳುತ್ತದೆ, ತಣಿದ ಮೇಲೆ ಗಾಜಿನಂತೆ ಗಟ್ಟಿಯಾಗಿ ಸುಮ್ಮನಾಗುತ್ತದೆ. ನವಸಾಗರದಂಥ ಉಗ್ರ ವಸ್ತುಗಳು ಕೊಳಾಯಿ, ಪಾತ್ರೆಗಳಿಗೆ ಸರಿ. ಬೋರ್ಡಿನ ಮೇಲೆ ಉಳಿದರೆ ವರ್ಷದೊಳಗೆ ಗೆರೆಗಳನ್ನೇ ತಿನ್ನುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಿಗುವ ಎಲೆಕ್ಟ್ರಾನಿಕ್ಸ್ ಸೋಲ್ಡರ್ ತಂತಿಯ ನಡುವೆ ಈ ರಾಳವನ್ನು ಮೊದಲೇ ತುಂಬಿರುತ್ತಾರೆ. ಆದ್ದರಿಂದಲೇ ಸೋಲ್ಡರನ್ನು ಐರನ್ನಿನ ತುದಿಯಲ್ಲಿ ಕರಗಿಸಿಕೊಂಡು ಬಂದು ಸವರುವುದು ತಪ್ಪು ಪದ್ಧತಿ. ದಾರಿಯಲ್ಲೇ ರಾಳವೆಲ್ಲ ಹೊಗೆಯಾಗಿ ಹೋಗಿರುತ್ತದೆ. ತುದಿಯಿಂದ ತಾಮ್ರವನ್ನೂ ತಂತಿಯನ್ನೂ ಕಾಯಿಸಬೇಕು, ಸೋಲ್ಡರನ್ನು ಕಾದ ತಾಮ್ರಕ್ಕೆ ಮುಟ್ಟಿಸಬೇಕು.

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ಸಿಗೆ, ಸೀಸ 327ಕ್ಕೆ. ಇವೆರಡನ್ನು 63ಕ್ಕೆ 37ರಂತೆ ಬೆರೆಸಿದರೆ 183ಕ್ಕೇ ಕರಗುತ್ತದೆ, ಅದೂ ನಡುವೆ ಮೆತ್ತಗಾಗುವ ಹಂತವಿಲ್ಲದೆ ಒಮ್ಮೆಲೇ. ಹೆಪ್ಪುಗಟ್ಟುವುದೂ ಒಮ್ಮೆಲೇ. ಪ್ಯಾಡ್ ಹ್ಯಾಕ್ ಮಾಡುವವರು ಈ ಮಿಶ್ರಣಕ್ಕೆ ಜೋತುಬಿದ್ದಿರುವುದು ಇದಕ್ಕಾಗಿ: ತಂತಿ ಹಿಡಿದ ಕೈ ನಡುಗಿ ಬೆಸುಗೆ ಕದಡುವುದಕ್ಕೆ ಇಲ್ಲಿ ಸಮಯವೇ ಸಿಗುವುದಿಲ್ಲ. ಕಾರ್ಖಾನೆಗಳು ಮಾತ್ರ ಇದನ್ನು ಬಿಟ್ಟಿವೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸವನ್ನು ನಿರ್ಬಂಧಿಸುವ ಯುರೋಪಿನ ನಿಯಮ 2006ರ ಜುಲೈ 1ರಿಂದ ಜಾರಿಯಾಯಿತು. ಆಮೇಲಿನ ಬೋರ್ಡುಗಳಲ್ಲಿರುವುದು ಹೆಚ್ಚಾಗಿ ತವರ, ಬೆಳ್ಳಿ, ತಾಮ್ರದ ಮಿಶ್ರಣ, ಕರಗಲು 217 ಡಿಗ್ರಿ ಬೇಕು. ಕಾರ್ಖಾನೆಯ ಬೆಸುಗೆಯೊಂದನ್ನು ಬಿಡಿಸಬೇಕಾದಾಗ ಹವ್ಯಾಸಿಗಳು ಮಾಡುವ ಕೆಲಸ ನೋಡಿದರೆ ವಿಚಿತ್ರ ಎನಿಸುತ್ತದೆ: ತೆಗೆಯುವ ಬದಲು ಮೇಲಿಂದ ಇನ್ನಷ್ಟು ಸೀಸದ ಸೋಲ್ಡರ್ ಸೇರಿಸುತ್ತಾರೆ. ಎರಡೂ ಬೆರೆತು ಕರಗುವ ಬಿಂದು ಇಳಿಯುತ್ತದೆ, ಮೊಂಡುತನ ಬಿಟ್ಟು ಹರಿಯತೊಡಗುತ್ತದೆ. ಮೂಗಿಗೆ ಹೊಡೆಯುವ ಹೊಗೆ ಸೀಸದ್ದಲ್ಲ, ಈ ಬಿಸಿಗೆ ಸೀಸ ಆವಿಯಾಗುವುದಿಲ್ಲ. ಹೊಗೆ ರಾಳದ್ದು. ಅದಕ್ಕೆ ಉಬ್ಬಸ ತರಿಸುವ ಗುಣವಿದೆ, ಕಿಟಕಿ ತೆರೆದಿರಲಿ. ಸೀಸ ಒಳಸೇರುವುದು ಕೈಯಿಂದ ಬಾಯಿಗೆ; ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಚಕ್ಕುಲಿ ಮುಟ್ಟಬಾರದು.

ಈಗ ಬೋರ್ಡನ್ನು ಹತ್ತಿರದಿಂದ ನೋಡೋಣ. ಬಟನ್‌ನ ಕಪ್ಪು ಪಟ್ಟಿಗಳ ಮೇಲೆ ನೇರವಾಗಿ ಬೆಸುಗೆ ಹಾಕಲು ಹೋದರೆ ಸೋಲ್ಡರ್ ಜಾರಿ ಹೋಗುತ್ತದೆ. ಅದು ಇಂಗಾಲದ ಶಾಯಿ, ತವರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹರಿತವಾದ ಬ್ಲೇಡಿನ ತುದಿಯಿಂದ ಶಾಯಿಯನ್ನು ಮೆಲ್ಲಗೆ ಕೆರೆದರೆ ಅಡಿಯಲ್ಲಿ ಗುಲಾಬಿ ಛಾಯೆಯ ತಾಮ್ರ ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಎರಡು ಸಲ ಹೆಚ್ಚು ಕೆರೆದರೆ ಆ 35 ಮೈಕ್ರಾನೂ ಬ್ಲೇಡಿನ ಜೊತೆ ಹೋಗಿ ಕೆಳಗಿನ ನಾರುಹಲಗೆ ಕಾಣುತ್ತದೆ. ಇದಕ್ಕಿಂತ ಜಾಣತನವೆಂದರೆ ಬಟನ್‌ನಿಂದ ಚಿಪ್‌ಗೆ ಹೋಗುವ ಗೆರೆಯನ್ನು ಮಲ್ಟಿಮೀಟರ್ ಹಿಡಿದು ಹಿಂಬಾಲಿಸುವುದು. ದಾರಿಯಲ್ಲಿ ಎಲ್ಲಾದರೂ ಒಂದು ಸಣ್ಣ ದುಂಡನೆಯ ಹೊಳೆಯುವ ಬೊಟ್ಟು ಸಿಗುತ್ತದೆ. ಕಾರ್ಖಾನೆಯಲ್ಲಿ ಪರೀಕ್ಷೆಯ ಸೂಜಿ ಊರಲು ಬಿಟ್ಟ ಜಾಗ ಅದು, ನಮಗಾಗಿಯೇ ಮಾಡಿಟ್ಟಂತಿರುತ್ತದೆ.

ಗ್ರೌಂಡಿನ ಬೆಸುಗೆ ಎಲ್ಲಕ್ಕಿಂತ ಸುಲಭ ಎಂದು ತೋರುತ್ತದೆ, ಏಕೆಂದರೆ ಅದರ ತಾಮ್ರ ಅಗಲ. ಹಿಂಸೆ ಕೊಡುವುದು ಅದೇ. ತಾಮ್ರ ಶಾಖವನ್ನು ಬೋರ್ಡಿನ ಗಾಜುನಾರಿಗಿಂತ ಸಾವಿರ ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಬೋರ್ಡಿನ ತುಂಬ ಹಬ್ಬಿರುವ ಗ್ರೌಂಡ್ ಹಾಳೆ ನೀವು ಕೊಟ್ಟ ಬಿಸಿಯನ್ನೆಲ್ಲ ಎಳೆದುಕೊಂಡು ಸುತ್ತ ಹಂಚುತ್ತದೆ, ಮುಟ್ಟಿದ ಜಾಗ ಕರಗುವಷ್ಟು ಕಾಯುವುದೇ ಇಲ್ಲ. ಮೇಲೆ ಸೋಲ್ಡರ್ ಕರಗಿದಂತೆ ಕಂಡರೂ ಅಡಿಯಲ್ಲಿ ಹಿಡಿದಿರುವುದಿಲ್ಲ. ಇದಕ್ಕೆ ಹೆಚ್ಚು ಡಿಗ್ರಿ ಏರಿಸುವುದಕ್ಕಿಂತ ಅಗಲ ತುದಿಯ ಐರನ್ ಬಳಸುವುದು ಮೇಲು. ಚೂಪು ತುದಿಯಲ್ಲಿ ಬಿಸಿಯ ದಾಸ್ತಾನೇ ಇಲ್ಲ.

ಸಿಗ್ನಲ್ಲಿನ ಪುಟ್ಟ ಬೊಟ್ಟಿನ ಪಾಡು ತದ್ವಿರುದ್ಧ. ಬಿಸಿ ಹೋಗಲು ದಾರಿಯಿಲ್ಲದೆ ಕ್ಷಣದಲ್ಲಿ ಕಾದುಬಿಡುತ್ತದೆ. ತಾಮ್ರವನ್ನು ಹಲಗೆಗೆ ಹಿಡಿದಿರುವುದು ಎಪಾಕ್ಸಿ ರಾಳ. ಸಾಮಾನ್ಯ ಬೋರ್ಡುಗಳಲ್ಲಿ ಅದು ಸುಮಾರು 130-140 ಡಿಗ್ರಿಗೇ ಗಡಸುತನ ಕಳೆದುಕೊಳ್ಳತೊಡಗುತ್ತದೆ. ಐರನ್ನಿನ ತುದಿ ಇರುವುದು 320ರಿಂದ 350ರಲ್ಲಿ. ಎರಡು ಸೆಕೆಂಡಿನಲ್ಲಿ ಮುಗಿಸಿದರೆ ಸರಿ. ಹಿಡಿಯಲಿಲ್ಲವೆಂದು ಒತ್ತಿ ಹಿಡಿದರೆ, ಬಿಸಿಯಿರುವಾಗಲೇ ತಂತಿಯನ್ನು ಎಳೆದರೆ, ಬೊಟ್ಟು ತಂತಿಗೆ ಅಂಟಿಕೊಂಡೇ ಎದ್ದು ಬರುತ್ತದೆ. ಎಷ್ಟೋ ಸಲ ಬೆಸುಗೆ ಚೆನ್ನಾಗಿಯೇ ಆಗಿರುತ್ತದೆ, ತಾಮ್ರವೇ ಹಲಗೆಯನ್ನು ಬಿಟ್ಟಿರುತ್ತದೆ. ಆಗ ಉಳಿಯುವ ಉಪಾಯ ಗೆರೆಯ ಮೇಲಿನ ಹಸಿರು ಬಣ್ಣ ಕೆರೆದು ಅಲ್ಲಿಗೆ ತಂತಿ ಸೇರಿಸುವುದು, ಇಲ್ಲವೇ ನೇರ ಚಿಪ್‌ನ ಕಾಲಿಗೇ ಹೋಗುವುದು. ಎರಡನೆಯದಕ್ಕೆ ಧೈರ್ಯ ಬೇಕು.

ಸರಿಯಾಗಿ ಹಿಡಿದ ಬೆಸುಗೆಯೂ ಪೆಟ್ಟಿಗೆಯೊಳಗೆ ಬದುಕಬೇಕು. ಕೋಲನ್ನು ಆವೇಶದಿಂದ ಎಳೆದಾಡುವಾಗ ಇಡೀ ಪೆಟ್ಟಿಗೆ ಅದುರುತ್ತದೆ. ಸೋಲ್ಡರ್ ಹೀರಿಕೊಂಡ ತಂತಿಯ ತುದಿ ಸೆಟೆದುಕೊಂಡಿರುತ್ತದೆ, ಆಚೆಯ ಭಾಗ ಬಳುಕುತ್ತದೆ. ತುಂಡಾಗುವುದು ಇವೆರಡರ ಗಡಿಯಲ್ಲಿ. ಅದಕ್ಕೇ ಬೆಸುಗೆಯಿಂದ ಒಂದು ಸೆಂಟಿಮೀಟರ್ ಆಚೆ ಗ್ಲೂ ಗನ್ನಿನಿಂದ ಒಂದು ತೊಟ್ಟು ಬಿಸಿ ಅಂಟು ಬಿಟ್ಟು ತಂತಿಯನ್ನು ಬೋರ್ಡಿಗೆ ಕೂರಿಸುತ್ತಾರೆ. ನೋಡಲು ಅಂದಗೇಡಿ, ಆದರೆ ಎಳೆತವೆಲ್ಲ ಅಂಟಿನ ಪಾಲಾಗುತ್ತದೆ. ಬಟನ್‌ಗಳ ಕಡೆ ಬೆಸುಗೆ ಬೇಡ. ಸಾನ್ವಾ ಬಟನ್‌ನ 2.8 ಮಿಲಿಮೀಟರ್ ಅಗಲದ ನಾಲಗೆಗೆ ಒತ್ತಿ ಕೂರಿಸುವ ಕನೆಕ್ಟರ್ ಸಾಕು. ಗ್ರೌಂಡ್ ತಂತಿ ಮಾತ್ರ ಒಂದು ಬಟನ್‌ನಿಂದ ಇನ್ನೊಂದಕ್ಕೆ ಸರಪಳಿಯಾಗಿ ಹೋಗುತ್ತದೆ. ಹಾಗಾಗಿ ಮೂರನೆಯದರ ನಂತರದ ಬಟನ್‌ಗಳೆಲ್ಲ ಒಟ್ಟಿಗೆ ಸತ್ತಿದ್ದರೆ ಬೋರ್ಡನ್ನು ಶಂಕಿಸುವ ಮೊದಲು ಮೂರನೆಯ ಮತ್ತು ನಾಲ್ಕನೆಯ ಬಟನ್‌ಗಳ ನಡುವಿನ ಕನೆಕ್ಟರನ್ನು ಮುಟ್ಟಿ ನೋಡಬೇಕು.

ಒಂದೇ ಕೋಲಿನಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಎರಡನ್ನೂ ಆಡಬೇಕೆಂಬ ಆಸೆ ಹುಟ್ಟಿದವರು ಎರಡು ಬೋರ್ಡುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸಿದರು. ಬಟನ್‌ಗಳಿಂದ ಎರಡಕ್ಕೂ ತಂತಿ, ಒಂದಕ್ಕೆ ಪವರ್ ಕೊಟ್ಟು ಇನ್ನೊಂದನ್ನು ಆರಿಸಿಟ್ಟರೆ ಆಯಿತಲ್ಲ? ಆಗುವುದಿಲ್ಲ. ಹಾಗೆ ಮಾಡಿದರೆ ಎಲ್ಲ ಬಟನ್‌ಗಳೂ ಒತ್ತಿಕೊಂಡೇ ಇದ್ದಂತೆ ಕಾಣುವುದುಂಟು. ಚಿಪ್‌ನ ಪ್ರತಿ ಕಾಲಿನ ಹಿಂದೆ ಒಂದು ರಕ್ಷಣಾ ಡಯೋಡ್ ಕೂತಿರುತ್ತದೆ. ಕಾಲಿನ ವೋಲ್ಟೇಜ್ ಚಿಪ್‌ನ ಪವರ್ ವೋಲ್ಟೇಜನ್ನು ಮೀರಿದರೆ ಅದು ತೆರೆದುಕೊಂಡು ಹೆಚ್ಚಿನದ್ದನ್ನು ಪವರ್ ತಂತಿಗೆ ಹರಿಸಿಬಿಡುತ್ತದೆ. ಆರಿಸಿಟ್ಟ ಬೋರ್ಡಿನ ಪವರ್ ವೋಲ್ಟೇಜ್ ಸೊನ್ನೆ. ಜೀವಂತ ಬೋರ್ಡಿನಿಂದ ಬಂದ 3.3 ವೋಲ್ಟ್ ಅದರ ಲೆಕ್ಕದಲ್ಲಿ ಮಿತಿ ಮೀರಿದ್ದು. ಡಯೋಡ್ ತೆರೆಯುತ್ತದೆ, ತಂತಿಯ ವೋಲ್ಟೇಜ್ ಕುಸಿಯುತ್ತದೆ, ಜೀವಂತ ಬೋರ್ಡ್ ಅದನ್ನು 'ಒತ್ತಿದ್ದಾರೆ' ಎಂದು ಓದುತ್ತದೆ. ಆದ್ದರಿಂದ ಎರಡು ಬೋರ್ಡುಗಳಿಗೂ ಒಟ್ಟಿಗೆ ಪವರ್ ಕೊಟ್ಟು, ಯುಎಸ್‌ಬಿಯ ಎರಡು ಡೇಟಾ ತಂತಿಗಳನ್ನಷ್ಟೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಪದ್ಧತಿ ಬಂತು. ಈ ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ತುಣುಕು ಇದು. ಪುಸ್ತಕ ಓದಿ ಡಯೋಡಿನ ಪಾಠ ಕಲಿತವರಿಗಿಂತ, ಗುದ್ದಾಟದ ಆಟ ಆಡಲು ಹೋಗಿ ಕಲಿತವರಿಗೆ ಅದು ಗಟ್ಟಿಯಾಗಿ ನೆನಪಿರುತ್ತದೆ.

2009ರಲ್ಲಿ ಸ್ಟ್ರೀಟ್ ಫೈಟರ್ 4 ಮನೆಯ ಕನ್ಸೋಲುಗಳಿಗೆ ಬಂದಾಗ ಮ್ಯಾಡ್ ಕ್ಯಾಟ್ಜ್ ಕಂಪನಿ ಸಾನ್ವಾ ಭಾಗಗಳನ್ನೇ ಹಾಕಿದ ಕೋಲನ್ನು 150 ಡಾಲರಿಗೆ ಮಾರಿತು. ಕೊಂಡವರು ಅದನ್ನೂ ಬಿಚ್ಚಿ ಎರಡನೆಯ ಬೋರ್ಡ್ ತುರುಕಿದರು. 2021ರ ಜನವರಿಯಲ್ಲಿ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಬಂತು, ಬೆಲೆ 4 ಡಾಲರ್. ಅದಕ್ಕೆಂದು ಹವ್ಯಾಸಿಗಳು ಬರೆದ ಜಿಪಿ2040-ಸಿಇ ಎಂಬ ಉಚಿತ ತಂತ್ರಾಂಶ ತುಂಬಿದರೆ, ಕಾರ್ಬನ್ ಕೆರೆಯದೆ, ಬೊಟ್ಟು ಹುಡುಕದೆ ಕೋಲು ಸಿದ್ಧ. ಪಿಕೊದ ಅಂಚಿನ ತೂತುಗಳು ಬೆಸುಗೆಗೆಂದೇ ಮಾಡಿದವು, ಅಗಲವಾಗಿವೆ, ಏಟು ತಡೆಯುತ್ತವೆ. ಆದರೆ ಕನ್ಸೋಲಿನ ಬೀಗ ಹಾಗೆಯೇ ಇದೆ. ಪ್ಲೇಸ್ಟೇಷನ್ 4 ತನ್ನ ಪ್ರಶ್ನೆಗೆ ಸರಿಯುತ್ತರ ಬರದ ಕಂಟ್ರೋಲರನ್ನು 8 ನಿಮಿಷ ಸಹಿಸಿಕೊಂಡು ಆಮೇಲೆ ಕೈಬಿಡುತ್ತದೆ. ಈ ಬೀಗಕ್ಕೆ ಕಂಡುಕೊಂಡ ಒಂದು ದಾರಿಯೆಂದರೆ ಪೆಟ್ಟಿಗೆಯಲ್ಲಿ ಎರಡನೆಯ ಯುಎಸ್‌ಬಿ ಸಾಕೆಟ್ ಇಟ್ಟು, ಅದಕ್ಕೆ ಅಧಿಕೃತ ಸಾಧನವೊಂದನ್ನು ಸಿಕ್ಕಿಸುವುದು. ಕನ್ಸೋಲು ಪ್ರಶ್ನೆ ಕೇಳಿದಾಗ ಪಿಕೊ ಅದನ್ನು ಆ ಸಾಧನಕ್ಕೆ ದಾಟಿಸಿ, ಬಂದ ಉತ್ತರವನ್ನು ಹಿಂದಿರುಗಿಸುತ್ತದೆ. ಕೆಲವು ಕನ್ಸೋಲುಗಳಿಗೆ ಈ ಕೆಲಸಕ್ಕೆ ಅಸಲಿ ಕಂಟ್ರೋಲರ್ ಒಂದನ್ನೇ ತಂದು ಸಿಕ್ಕಿಸುತ್ತಾರೆ, ಕವಚವನ್ನೂ ಬಿಚ್ಚದೆ.